ಮಸಲ್ ಕಾರ್ ಪ್ರಾಜೆಕ್ಟ್: ಯಾವುದನ್ನು ಕೊಳ್ಳಬಹುದು, ಯಾವುದನ್ನು ಬಿಟ್ಟು ಬರಬೇಕು

ಅಮೆರಿಕದಲ್ಲಿ ಹಳೇ ಮಸಲ್ ಕಾರುಗಳ, ಅಂದರೆ ದೊಡ್ಡ ವಿ8 (ಎಂಟು ಸಿಲಿಂಡರಿನ) ಇಂಜಿನ್ ಕೂರಿಸಿದ ಅರವತ್ತು–ಎಪ್ಪತ್ತರ ದಶಕದ ಕಾರುಗಳ, ಜಾಹೀರಾತು ನೋಡುತ್ತಾ ಕೂತವರಿಗೆಲ್ಲ ಇಂಥದ್ದೊಂದು ಕಣ್ಣಿಗೆ ಬಿದ್ದೇ ಇರುತ್ತದೆ: 1970ರ ಶೆವರ್ಲೆ ಶೆವೆಲ್, 12,000 ಡಾಲರ್, ‘ನಿಲ್ಲಿಸುವಾಗ ಓಡುತ್ತಿತ್ತು’. ಅದರ ಕೆಳಗೇ ಅದೇ ವರ್ಷದ, ಇವತ್ತೂ ಓಡಾಡುತ್ತಿರುವ ಇನ್ನೊಂದು ಶೆವೆಲ್, 35,000 ಡಾಲರ್. ಮೊದಲನೆಯದನ್ನು ಕೊಂಡು ಹತ್ತು ಸಾವಿರ ಹಾಕಿದರೆ ಹದಿಮೂರು ಸಾವಿರ ಉಳಿಯಿತಲ್ಲ ಅಂತ ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಈ ಲೆಕ್ಕ ಕೂಡಿ ಬರುವುದು ಬಹಳ ಅಪರೂಪ. ಯಾಕೆ ಅನ್ನುವುದನ್ನು ಮುಂದೆ ಅಂಕಿಗಳಲ್ಲೇ ತೋರಿಸುತ್ತೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಪ್ರಾಜೆಕ್ಟ್ ಕಾರಿನಲ್ಲಿ, ಅಂದರೆ ರಿಪೇರಿ ಮಾಡಿ ರಸ್ತೆಗೆ ಇಳಿಸಲೆಂದೇ ತಗೊಳ್ಳುವ ಹಳೇ ಕಾರಿನಲ್ಲಿ, ನಾವು ನಿಜವಾಗಿ ಕೊಳ್ಳುವುದು ಎರಡನ್ನೇ: ಬಾಡಿ ಮತ್ತು ಕಾಗದಪತ್ರ. ಇಂಜಿನ್, ಗೇರ್‌ಬಾಕ್ಸ್, ಸೀಟು, ವೈರಿಂಗ್ ಎಲ್ಲವೂ ಕ್ಯಾಟಲಾಗ್ ನೋಡಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುತ್ತವೆ. ಕೊಳೆತ ತಗಡನ್ನು ಸರಿಮಾಡುವುದಕ್ಕೆ ಗಂಟೆಗಟ್ಟಲೆ ಕೈಕೆಲಸ ಬೇಕು. ಆ ಕೈಕೆಲಸವೇ ಇಲ್ಲಿ ಎಲ್ಲಕ್ಕಿಂತ ದುಬಾರಿ. ಕಾಗದ ಸರಿಯಿಲ್ಲದಿದ್ದರೆ ಎಷ್ಟು ಚೆನ್ನಾಗಿ ರಿಪೇರಿ ಮಾಡಿದರೂ ರಸ್ತೆಗೆ ಇಳಿಸುವ ಹಾಗಿಲ್ಲ. ಆದರೆ ಜನ ನೋಡಲು ಹೋದಾಗ ಮೊದಲು ಬಾನೆಟ್ ಎತ್ತುತ್ತಾರೆ.

ಮಾರಾಟಕ್ಕೆ ಬರುವ ನಾಲ್ಕು ಬಗೆ

ಮೊದಲನೆಯದು ವರ್ಷಗಟ್ಟಲೆ ಕೊಟ್ಟಿಗೆಯಲ್ಲೋ ಹಿತ್ತಲಲ್ಲೋ ನಿಂತ ಕಾರು. ಎಲ್ಲ ಭಾಗಗಳೂ ಇವೆ, ಹುಟ್ಟಿನಿಂದ ಬಂದ ಇಂಜಿನ್ನೂ ಇದೆ, ಆದರೆ ಕೆಳಗೆ ತುಕ್ಕು. ‘ಬಾರ್ನ್ ಫೈಂಡ್’ ಅಂತ ಹೆಸರಿಟ್ಟು ಬೆಲೆ ಏರಿಸುವುದು ಇದಕ್ಕೇ. ಎರಡನೆಯದು ರೋಲರ್: ಚಕ್ರದ ಮೇಲೆ ಉರುಳುತ್ತದೆ, ಇಂಜಿನ್ ಇಲ್ಲ. ಅರಿಜೋನಾ, ನ್ಯೂ ಮೆಕ್ಸಿಕೊದಂಥ ಒಣ ಸೀಮೆಯದ್ದಾದರೆ ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರಿದು ಸೀಟು ಪುಡಿಯಾಗಿರುತ್ತದೆ, ತಗಡು ಮಾತ್ರ ಗಟ್ಟಿ. ಮೂರನೆಯದು ಯಾರೋ ಶುರುಮಾಡಿ ಅರ್ಧಕ್ಕೆ ಬಿಟ್ಟದ್ದು. ಬೂದು ಪ್ರೈಮರ್ ಹೊಡೆದ ಬಾಡಿ, ಪಕ್ಕದಲ್ಲಿ ಸಾಲು ಸಾಲು ರಟ್ಟಿನ ಡಬ್ಬ. ನಾಲ್ಕನೆಯದು ಪ್ರದರ್ಶನಕ್ಕಿಡುವಷ್ಟು ಚೆಂದವಿಲ್ಲದಿದ್ದರೂ ದಿನಾ ಓಡಿಸಬಹುದಾದ ಕಾರು. ಇಲ್ಲಿನವರು ‘ಡ್ರೈವರ್’ ಅನ್ನುವುದು ಇದನ್ನೇ.

ಕೊಟ್ಟಿಗೆಯ ಕಾರಿಗಿಂತ ಒಣ ಸೀಮೆಯ ರೋಲರ್ ಒಳ್ಳೆಯದು. ರೋಲರ್‌ಗಿಂತ ಡ್ರೈವರ್ ಒಳ್ಳೆಯದು, ನಿಮಗೆ ಬೇಕಿರುವುದು ಓಡಿಸುವ ಸುಖವಾದರೆ. ಕೆಲಸ ಮಾಡುವ ಸುಖವೇ ಬೇಕು, ಶನಿವಾರ ಭಾನುವಾರ ಕೈಗೆ ಗ್ರೀಸ್ ಹತ್ತದಿದ್ದರೆ ನೆಮ್ಮದಿಯಿಲ್ಲ ಅನ್ನುವವರಿಗೆ ಮಾತ್ರ ರೋಲರ್.

ಮೂರನೆಯ ಬಗೆಯ ಡಬ್ಬದ ಕಾರನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಚ್ಚಿದವರಿಗೆ ಗೊತ್ತಿದ್ದ ವಿಷಯ ಡಬ್ಬದ ಜೊತೆ ಬರುವುದಿಲ್ಲ. ಯಾವ ಬೋಲ್ಟ್ ಎಲ್ಲಿಯದು, ಯಾವ ಕ್ಲಿಪ್ ಕಳೆದಿದೆ, ಪ್ರೈಮರ್‌ನಡಿಯ ತಗಡನ್ನು ಸರಿಯಾಗಿ ಬೆಸೆದಿದ್ದಾರೋ ಪುಟ್ಟಿ ಮೆತ್ತಿದ್ದಾರೋ, ಒಂದೂ ತಿಳಿಯದು. ಪ್ರೈಮರ್ ಹೊಡೆದು ವರ್ಷಗಟ್ಟಲೆ ಬಿಟ್ಟಿದ್ದರೆ ಇನ್ನೊಂದು ತೊಂದರೆ: ಸಾಮಾನ್ಯ ಪ್ರೈಮರ್ ತೇವವನ್ನು ಪೂರ್ತಿ ತಡೆಯುವುದಿಲ್ಲ, ಅದರಡಿಯಲ್ಲೇ ತುಕ್ಕು ಬೆಳೆಯುತ್ತದೆ.

ತುಕ್ಕು ಎಲ್ಲಿ ಅಡಗುತ್ತದೆ

ನಾನಿರುವ ಮಿಶಿಗನ್‌ನಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಈ ಕಾರುಗಳು ಹುಟ್ಟಿದ್ದು ಇದೇ ಡೆಟ್ರಾಯಿಟ್ ಸುತ್ತಮುತ್ತಲ ಕಂಪನಿಗಳಲ್ಲಿ, ಸತ್ತದ್ದೂ ಇಂಥ ಉಪ್ಪಿನ ರಸ್ತೆಗಳಲ್ಲೇ. ಆ ಕಾಲದ ತಗಡಿಗೆ ಇವತ್ತಿನ ಕಾರುಗಳಿಗಿರುವಂಥ ಸತುವಿನ ರಕ್ಷಣೆ ಇರಲಿಲ್ಲ.

ಒಂದೊಂದು ಮಾಡೆಲ್‌ಗೆ ಒಂದೊಂದು ಕಡೆ ರೋಗ. 1965ರಿಂದ 68ರವರೆಗಿನ ಫೋರ್ಡ್ ಮಸ್ಟಾಂಗ್ ನೋಡಲು ಹೋದರೆ ಎರಡು ಬಾಟಲಿ ನೀರು ಜೊತೆಗಿರಲಿ. ಬಾನೆಟ್ ಮುಗಿದು ವಿಂಡ್‌ಶೀಲ್ಡ್ ಶುರುವಾಗುವಲ್ಲಿ ಗಾಳಿ ಒಳಹೋಗಲು ಸಣ್ಣ ಸೀಳುಗಳಿರುತ್ತವೆ. ಅದರ ಕೆಳಗಿರುವುದು ಎರಡು ಪದರದ ಮುಚ್ಚಿದ ಪೆಟ್ಟಿಗೆ, ಅದೇ ಕೌಲ್. ಎಲೆ, ಕಸ ಸೇರಿ ಒಳಗೆ ಸದಾ ಒದ್ದೆ. ಒಬ್ಬರು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ತಲೆ ಹಾಕಲಿ, ಇನ್ನೊಬ್ಬರು ಮೊದಲು ಒಂದು ಬದಿಗೆ, ಆಮೇಲೆ ಇನ್ನೊಂದು ಬದಿಗೆ ನಿಧಾನವಾಗಿ ನೀರು ಸುರಿಯಲಿ. ನೀರು ಹೊರಗೆ, ಮುಂಚಕ್ರದ ಹಿಂದೆ ನೆಲಕ್ಕೆ ಇಳಿಯಬೇಕು. ಕಾಲಿಡುವ ಜಾಗಕ್ಕೆ ತೊಟ್ಟಿಕ್ಕಿದರೆ ಕೌಲ್ ತೂತಾಗಿದೆ. ಅದನ್ನು ಸರಿಮಾಡಲು ಬಾನೆಟ್, ಫೆಂಡರ್, ವಿಂಡ್‌ಶೀಲ್ಡ್ ಎಲ್ಲ ಬಿಚ್ಚಿ, ಸಾಲು ಸಾಲು ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಬಿಡಿಸಬೇಕು. ಬಿಡಿಭಾಗ ಸಿಗುವುದು ಕೆಲವೇ ನೂರು ಡಾಲರ್‌ಗೆ, ಕೂಲಿ ಮಾತ್ರ ಸಾವಿರಗಳಲ್ಲಿ.

ಶೆವೆಲ್‌ನಲ್ಲಿ ಮೊದಲು ನೋಡಬೇಕಾದ್ದು ಹಿಂದಿನ ಗಾಜಿನ ಕೆಳಅಂಚು. ಅಲ್ಲಿನ ಹೊಳೆಯುವ ಪಟ್ಟಿಯಡಿ ನೀರು ನಿಂತು ಗಾಜು ಕೂರುವ ಚಾನೆಲ್ ಕೊಳೆಯುತ್ತದೆ, ಅಲ್ಲಿಂದ ಸೋರಿದ ನೀರು ಡಿಕ್ಕಿಯ ತಳ ತಿನ್ನುತ್ತದೆ. ವಿನೈಲ್ ಹೊದಿಸಿದ ಮೇಲ್ಛಾವಣಿಯ ಕಾರಾದರೆ ಇನ್ನೂ ಅನುಮಾನದಿಂದ ನೋಡಿ. ಹೊದಿಕೆಯಲ್ಲಿ ಗುಳ್ಳೆ ಎದ್ದಿದ್ದರೆ ಅದರಡಿ ತುಕ್ಕಿದೆ. ಶೆವೆಲ್‌ಗೆ ಬಾಡಿಯಿಂದ ಬೇರೆಯಾದ ಚಾಸಿಸ್ ಇರುವುದರಿಂದ ಹಿಂದಿನ ಆಕ್ಸಲ್ ಮೇಲೆ ಚಾಸಿಸ್ ಬಾಗುವ ಜಾಗವನ್ನೂ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ನೋಡಬೇಕು. ಮಸ್ಟಾಂಗ್, ಡಾಡ್ಜ್ ಚಾರ್ಜರ್‌ಗಳಲ್ಲಿ ಬಾಡಿಯೇ ಚಾಸಿಸ್. ಹಾಗಾಗಿ ಅಲ್ಲಿ ತಳದ ಉದ್ದುದ್ದ ರೇಲ್‌ಗಳು ಕೊಳೆತಿದ್ದರೆ ಕಾರಿನ ಬೆನ್ನುಮೂಳೆಯೇ ಹೋದಂತೆ.

ಹೊಸದಾಗಿ ಪೇಂಟ್ ಹೊಡೆದ ಪ್ರಾಜೆಕ್ಟ್ ಎದುರಾದರೆ ತುಂಬಾ ಎಚ್ಚರ ಬೇಕು. ಗೆಳೆಯರೊಬ್ಬರ ಜೊತೆ ಒಂದು ಕೆಂಪು ಶೆವೆಲ್ ನೋಡಲು ಹೋಗಿದ್ದೆ. ಹತ್ತು ಅಡಿ ದೂರದಿಂದ ಕನ್ನಡಿಯ ಹಾಗೆ. ತೆಳು ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಮೇಲೆ ಇಟ್ಟರೆ ಗಪ್ಪನೆ ಕಚ್ಚಿಕೊಂಡಿತು. ಅದೇ ಅಯಸ್ಕಾಂತ ಹಿಂಚಕ್ರದ ಹಿಂದೆ, ಬಂಪರ್‌ಗಿಂತ ಗೇಣು ಮುಂದೆ, ಜಾರಿ ನೆಲಕ್ಕೆ ಬಿತ್ತು. ಬೆರಳಲ್ಲಿ ತಟ್ಟಿದರೆ ಬಾಗಿಲಿನಲ್ಲಿ ಬರುತ್ತಿದ್ದ ಟಣ್ ಸದ್ದಿಲ್ಲ, ಗೋಡೆ ತಟ್ಟಿದ ಹಾಗೆ ಮಂದ ಸದ್ದು. ಡಿಕ್ಕಿ ತೆಗೆದು ಮ್ಯಾಟ್ ಎತ್ತಿದರೆ ಹೊಚ್ಚ ಹೊಸ ಕಪ್ಪು ಅಂಡರ್‌ಕೋಟಿಂಗ್. ಅದರ ಅಂಚಿನಲ್ಲಿ ರಿವೆಟ್ ಹೊಡೆದ ತೇಪೆಯ ಗೆರೆ ಎದ್ದು ಕಾಣುತ್ತಿತ್ತು. ಮೇಲೆ ಥಳಕು ಒಳಗೆ ಹುಳುಕು. ಮಾರುವವರು ಸುಳ್ಳು ಹೇಳಿದ್ದರೋ ಇಲ್ಲವೋ, ಅವರಿಗೂ ಅದು ಹಾಗೇ ಬಂದಿರಬಹುದು. ನಮಗೆ ಬೇಕಾದ್ದು ಅಯಸ್ಕಾಂತದ ಉತ್ತರ, ಅದು ಸಿಕ್ಕಿತು.

ಹಳೇ ಪೇಂಟ್ ಮಾಸಿ, ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿದ ಒಣ ಸೀಮೆಯ ಕಾರು ನೋಡಲು ದರಿದ್ರವಾಗಿರುತ್ತದೆ. ಆದರೆ ಮೇಲ್ಮೈ ತುಕ್ಕನ್ನು ಉಜ್ಜಿ ತೆಗೆಯಬಹುದು, ಏನನ್ನೂ ಮುಚ್ಚಿಟ್ಟಿರುವುದಿಲ್ಲ. ಅಂಥದ್ದಕ್ಕೆ ನಾನು ಎರಡು ಸಾವಿರ ಹೆಚ್ಚು ಕೊಡುವೆ.

ಎಸ್‌ಎಸ್ ಅಂತ ಬರೆದಿದ್ದರೆ ಎಸ್‌ಎಸ್ ಆಗುವುದಿಲ್ಲ

ಬೆಲೆಯಲ್ಲಿ ಅತಿ ದೊಡ್ಡ ಅಂತರ ತರುವುದು ಕಾರಿನ ಗುರುತು. ಶೆವೆಲ್‌ನ ಸಾಮಾನ್ಯ ಮಾದರಿಯಾದ ಮಾಲಿಬು ಮತ್ತು ಜೋರಿನ ಮಾದರಿಯಾದ ಎಸ್‌ಎಸ್ (ಸೂಪರ್ ಸ್ಪೋರ್ಟ್) ಎರಡಕ್ಕೂ ಬಾಡಿ ಒಂದೇ. ಬ್ಯಾಡ್ಜ್, ಪಟ್ಟೆ, ಬಾನೆಟ್ ಎಲ್ಲವೂ ಹೊಸದಾಗಿ ಸಿಗುವಾಗ ಒಂದನ್ನು ಇನ್ನೊಂದರ ಹಾಗೆ ಮಾಡುವುದು ಕಷ್ಟವಲ್ಲ. ನಕಲು ಅಂತ ಹೇಳಿಯೇ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ, ಓಡಿಸಲು ಅದೂ ಅಷ್ಟೇ ಚೆಂದ. ಅಸಲಿಯ ಬೆಲೆ ಕೇಳಿದಾಗ ಮಾತ್ರ ದಾಖಲೆ ಕೇಳಬೇಕು.

ಶುರು ಮಾಡಬೇಕಾದ್ದು ವಿನ್‌ನಿಂದ, ಅಂದರೆ ಪ್ರತಿ ಕಾರಿಗೂ ಕಂಪನಿ ಕೊಡುವ ಗುರುತಿನ ನಂಬರಿನಿಂದ. ಇವತ್ತಿನ 17 ಅಂಕಿಯ ಪದ್ಧತಿ ಬಂದದ್ದು 1981ರ ಮಾಡೆಲ್‌ಗಳಿಂದ. ಅದಕ್ಕೂ ಹಿಂದೆ ಒಂದೊಂದು ಕಂಪನಿಗೆ ಒಂದೊಂದು ಲಿಪಿ. 1966ರಿಂದ 68ರ ಶೆವೆಲ್ ಎಸ್‌ಎಸ್ 396 (ಈ ಅಂಕಿ ಕ್ಯೂಬಿಕ್ ಇಂಚಿನಲ್ಲಿ ಇಂಜಿನ್ನಿನ ಗಾತ್ರ) ಆಗಿದ್ದರೆ ನಂಬರ್ 138ರಿಂದ ಶುರುವಾಗಬೇಕು, ವಿಷಯ ಅಲ್ಲಿಗೇ ತೀರ್ಮಾನ. 1969ರಿಂದ ಎಸ್‌ಎಸ್ ಬರೀ ಆಪ್ಷನ್ ಪ್ಯಾಕೇಜ್ ಆಯಿತು, ನಂಬರಿನಲ್ಲಿ ಅದರ ಸುಳಿವಿಲ್ಲ. 1970ರಲ್ಲಿ ಎಸ್‌ಎಸ್ ಸಿಗುತ್ತಿದ್ದದ್ದು 136ರಿಂದ ಶುರುವಾಗುವ ವಿ8 ಕಾರುಗಳಿಗೆ ಮಾತ್ರ. ಹಾಗಾಗಿ 135 ಇರುವ 1970ರ ‘ಎಸ್‌ಎಸ್’ ಖಂಡಿತ ನಕಲು. 136 ಇದ್ದರೆ ಅಸಲಿ ಇರಬಹುದು, ಅಷ್ಟೇ. ಆಗ ಆ ಕಾರಿಗೆ ಏನೇನು ಹಾಕಬೇಕು ಅಂತ ಫ್ಯಾಕ್ಟರಿಯಲ್ಲಿ ಬರೆದ ಹಾಳೆ, ಬಿಲ್ಡ್ ಶೀಟ್, ಹುಡುಕಬೇಕು. ಅದೃಷ್ಟವಿದ್ದರೆ ಪೆಟ್ರೋಲ್ ಟ್ಯಾಂಕಿನ ಮೇಲೋ ಹಿಂದಿನ ಸೀಟಿನ ಸ್ಪ್ರಿಂಗ್‌ಗಳ ನಡುವೆಯೋ ಕಂದಿದ ಹಾಳೆ ಸಿಗುತ್ತದೆ.

ಪಾಂಟಿಯಾಕ್ ಕೊಳ್ಳುವವರು ಪುಣ್ಯವಂತರು. ಆ ಕಂಪನಿಯ ಜಿಟಿಒ ಮಾಡೆಲ್‌ನ ನಂಬರ್ 1966ರಿಂದ 71ರವರೆಗೆ 242ರಿಂದ ಶುರುವಾಗುತ್ತದೆ. ಅದಕ್ಕಿಂತ ಹಿಂದಿನ 1964, 65ರ ಕಾರಿಗೂ ಪಿಎಚ್‌ಎಸ್ ಅನ್ನುವ ಸಂಸ್ಥೆ ಫ್ಯಾಕ್ಟರಿ ದಾಖಲೆಯ ಪ್ರತಿ ಕೊಡುತ್ತದೆ. ಫೋರ್ಡ್‌ಗಳಿಗೆ 1967ರಿಂದೀಚೆಗೆ ಮಾರ್ಟಿ ರಿಪೋರ್ಟ್ ಇದೆ. ಕಂಪನಿಯ ದಾಖಲೆಯಿಂದಲೇ ತೆಗೆದದ್ದು, ಬಣ್ಣ, ಇಂಜಿನ್, ಗೇರ್‌ಬಾಕ್ಸ್ ಎಲ್ಲ ಅದರಲ್ಲಿರುತ್ತದೆ. ದೊಡ್ಡ ಮೊತ್ತ ಕೊಡುವ ಮುಂಚೆ ಈ ಸಣ್ಣ ಖರ್ಚು ಮಾಡಲೇಬೇಕು. ಫೋರ್ಡ್ ಮತ್ತು ಕ್ರೈಸ್ಲರ್ ಕಾರುಗಳಲ್ಲಿ ವಿನ್‌ನ ಐದನೇ ಅಕ್ಷರವೇ ಇಂಜಿನ್ ಯಾವುದು ಅಂತ ಹೇಳುತ್ತದೆ. 1965–68ರ ಮಸ್ಟಾಂಗ್‌ನಲ್ಲಿ ಅಲ್ಲಿ ‘ಟಿ’ ಇದ್ದರೆ ಅದು ಆರು ಸಿಲಿಂಡರಿನ ಕಾರಾಗಿ ಹುಟ್ಟಿದ್ದು. ಈಗ ಒಳಗೆ ವಿ8 ಗುಡುಗುತ್ತಿದ್ದರೂ ಸರಿ, ಚಕ್ರದ ಬೋಲ್ಟ್ ಎಣಿಸಿ ನೋಡಿ. ನಾಲ್ಕೇ ಬೋಲ್ಟ್ ಇದ್ದರೆ ಇಂಜಿನ್ ಮಾತ್ರ ಬದಲಿಸಿ, ಬ್ರೇಕು, ಆಕ್ಸಲ್ಲು ಹಳೆಯದನ್ನೇ ಬಿಟ್ಟಿದ್ದಾರೆ ಅಂತ ಅರ್ಥ. ಅದು ಬೆಲೆಯ ಪ್ರಶ್ನೆಗಿಂತ ಮೊದಲು ಜೀವದ ಪ್ರಶ್ನೆ.

‘ನಂಬರ್ಸ್ ಮ್ಯಾಚಿಂಗ್’, ಅಂದರೆ ಇಂಜಿನ್ನಿನ ನಂಬರೂ ಕಾರಿನ ನಂಬರೂ ಹೊಂದುತ್ತವೆ ಅನ್ನುವ ಮಾತೂ ಪರೀಕ್ಷೆಯಾಗಬೇಕು. ಶೆವರ್ಲೆ ವಿ8ಗಳಲ್ಲಿ ಬಲಬದಿಯ ಸಿಲಿಂಡರ್ ಹೆಡ್‌ನ ಮುಂದೆ ಸಪಾಟಾದ ಸಣ್ಣ ಜಾಗವಿದೆ. ವಿನ್‌ನ ಕೊನೆಯ ಅಂಕಿಗಳನ್ನು ಒತ್ತುತ್ತಿದ್ದದ್ದು ಸಾಮಾನ್ಯವಾಗಿ ಅಲ್ಲೇ. ಆ ಮೇಲ್ಮೈಯಲ್ಲಿ ಫ್ಯಾಕ್ಟರಿಯ ನಯವಾದ ಸಮಾನಾಂತರ ಗೆರೆಗಳು ಕಾಣಬೇಕು. ಉಜ್ಜಿ ಹೊಳಪು ಮಾಡಿದ್ದರೆ ಅಂಕಿಯನ್ನು ಆಮೇಲೆ ಒತ್ತಿರುವ ಸಾಧ್ಯತೆ ಹೆಚ್ಚು. ಬ್ಲಾಕಿನ ಮೇಲಿನ ಎರಕದ ತಾರೀಖು ಕಾರು ತಯಾರಾದ ತಾರೀಖಿಗಿಂತ ಹಿಂದಿನದಾಗಿರಲೇಬೇಕು.

ಇಂಜಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾಮ್ ಆಗಿದೆಯೋ ಇಲ್ಲವೋ ನೋಡಿ, ಆಗಿದ್ದರೆ ಬೆಲೆ ಇಳಿಸಿ. ಶೆವರ್ಲೆ 350, ಫೋರ್ಡ್ 302ನಂಥ ಇಂಜಿನ್ನುಗಳ ಬಿಡಿಭಾಗ ಎಲ್ಲೆಡೆ ಸಿಗುತ್ತವೆ, ಮಷಿನ್ ಶಾಪ್‌ನವರಿಗೆ ಅವು ದಿನನಿತ್ಯದ ಕೆಲಸ. ಕ್ರೈಸ್ಲರ್‌ನ ಹೆಮಿ, ಶೆವರ್ಲೆಯ ಎಲ್‌ಎಸ್6ನಂಥ ಅಪರೂಪದ ಇಂಜಿನ್ ಹುಟ್ಟಿನಿಂದಲೇ ಇರುವ ಕಾರಾದರೆ ಮಾತ್ರ ಒಡೆದ ಬ್ಲಾಕಿಗೂ ಬೆಲೆಯಿದೆ. ಅಂಥದ್ದಕ್ಕೆ ತುಕ್ಕನ್ನೂ ಸಹಿಸಬಹುದು.

ಯಾವ ಮಾಡೆಲ್

ಮಧ್ಯಮ ಗಾತ್ರದ ಎರಡು ಬಾಗಿಲಿನ ಕಾರಿಗೆ ದೊಡ್ಡ ವಿ8 ಕೂರಿಸುವ ಚಾಳಿ ಜೋರಾದದ್ದು 1964ರ ಪಾಂಟಿಯಾಕ್ ಜಿಟಿಒದಿಂದ. 1971ರಲ್ಲಿ ಶೆವರ್ಲೆ, ಪಾಂಟಿಯಾಕ್‌ಗಳ ಒಡೆತನದ ಜಿಎಂ (ಜನರಲ್ ಮೋಟಾರ್ಸ್) ಕಡಿಮೆ ಸೀಸದ ಪೆಟ್ರೋಲಿಗಾಗಿ ಕಂಪ್ರೆಷನ್ ಇಳಿಸಿ ಇಂಜಿನ್ನುಗಳ ಬಲ ಕುಗ್ಗಿಸಿತು, ಇನ್ಶೂರೆನ್ಸ್ ಕಂತು ಏರಿತು, 1973ರ ತೈಲ ಬಿಕ್ಕಟ್ಟು ಬಂತು, ಆಟ ಮುಗಿಯಿತು. ಬೆಲೆ ಉತ್ತುಂಗದಲ್ಲಿರುವುದು ನಡುವಿನ ಆ ಕೆಲವು ವರ್ಷಗಳ ಕಾರುಗಳಿಗೆ.

ಆದರೆ ರಿಪೇರಿ ಮಾಡುವವರಿಗೆ ಕುದುರೆಶಕ್ತಿಗಿಂತ ಮುಖ್ಯವಾದದ್ದು ಬಿಡಿಭಾಗ. ಮಸ್ಟಾಂಗ್ ಮಾರುಕಟ್ಟೆಗೆ ಬಂದು ಎರಡು ವರ್ಷ ತುಂಬುವುದರೊಳಗೆ 10 ಲಕ್ಷ ದಾಟಿತ್ತು. ಅಷ್ಟು ಕಾರುಗಳಿದ್ದುದರಿಂದಲೇ ಇವತ್ತಿಗೂ ಅದರ ಪ್ರತಿಯೊಂದು ತಗಡೂ ಹೊಸದಾಗಿ ತಯಾರಾಗುತ್ತದೆ. 1967–69ರ ಶೆವರ್ಲೆ ಕಮಾರೊ, ಮಸ್ಟಾಂಗ್‌ಗಳಿಗಂತೂ ಪೂರ್ತಿ ಹೊಸ ಬಾಡಿ ಶೆಲ್ಲೇ ಸಿಗುತ್ತದೆ. ಶೆವೆಲ್ ಇವುಗಳ ಹಿಂದೆಯೇ ಬರುತ್ತದೆ. ಚಾರ್ಜರ್ ಸುಂದರಿ, ಆದರೆ ಅದರ ಭಾಗಗಳು ದುಬಾರಿ, ಹಾಳಾದದ್ದಕ್ಕೂ ಬೆಲೆ ವಿಪರೀತ. ಓಲ್ಡ್ಸ್‌ಮೊಬಿಲ್ 442, ಬ್ಯೂಕ್ ಜಿಎಸ್ ಕೊಳ್ಳುವಾಗ ಒಂದು ಮಾತು ನೆನಪಿರಲಿ: ಇವಕ್ಕೂ ಶೆವೆಲ್‌ಗೂ ಅಡಿಪಾಯ ಒಂದೇ, ನೆಲದ ತಗಡು ಸುಲಭವಾಗಿ ಸಿಗುತ್ತದೆ, ಆದರೆ ಗ್ರಿಲ್, ಹಿಂದಿನ ದೀಪ, ಹೊಳೆಯುವ ಪಟ್ಟಿಗಳು ಸಿಗುವುದು ಕಷ್ಟ. ಅವು ಕಾರಿನ ಜೊತೆಗೇ, ಮುರಿಯದೆ ಬರುತ್ತಿದ್ದರೆ ಮಾತ್ರ ಮುಂದುವರಿಯಿರಿ.

ದುಡ್ಡಿನ ಲೆಕ್ಕ

ಮೊದಲು ಹೇಳಿದ 12,000 ಡಾಲರಿನ ಶೆವೆಲ್‌ಗೆ ಬರೋಣ. ಟಿಂಕರಿಂಗ್ ಮತ್ತು ಪೇಂಟ್ ಕೆಲಸಕ್ಕೆ 300 ಗಂಟೆ ಅಂದುಕೊಳ್ಳಿ. ತಳ, ಡಿಕ್ಕಿ, ಎರಡೂ ಕ್ವಾರ್ಟರ್ ಪ್ಯಾನೆಲ್ (ಹಿಂಚಕ್ರದ ಸುತ್ತಲಿನ ತಗಡು) ಹೋಗಿದ್ದರೆ ಇದು ಜಾಸ್ತಿಯೇನಲ್ಲ. ಗ್ಯಾರೇಜ್ ಕೂಲಿ ಗಂಟೆಗೆ 100 ಡಾಲರ್ ಹಿಡಿದರೂ 30,000. ಪೇಂಟ್ ಸಾಮಗ್ರಿ, ತಗಡು 4,000. ಇಂಜಿನ್ 6,000, ಗೇರ್‌ಬಾಕ್ಸ್ 2,000, ಒಳಾಂಗಣ 3,500, ಬ್ರೇಕು ಸಸ್ಪೆನ್ಷನ್ 3,000, ಗಾಜು ರಬ್ಬರ್ ಕ್ರೋಮ್ 4,000. ಎಲ್ಲ ಸೇರಿ 64,500. ಪಕ್ಕದಲ್ಲಿ ಓಡುವ ಕಾರು 35,000ಕ್ಕೆ ನಿಂತಿದೆ.

ಬಾಡಿ ಕೆಲಸ ನಾನೇ ಮಾಡುತ್ತೇನೆ ಅಂದರೆ 34,500. ಅಂದರೆ 300 ಗಂಟೆ ಬೆಸುಗೆ ಹಾಕಿ, ಉಜ್ಜಿ, ಧೂಳು ಕುಡಿದು ಉಳಿಸಿದ್ದು 500 ಡಾಲರ್. ವೆಲ್ಡಿಂಗ್ ಮಷಿನ್, ಕಂಪ್ರೆಸರ್ ಕೊಳ್ಳುವುದಕ್ಕೂ ಅದು ಸಾಲದು.

ಅದೇ ಕಾರಿನ ಒಣ ಸೀಮೆಯ ರೋಲರ್ 13,000ಕ್ಕೆ ಸಿಕ್ಕಿತು ಅನ್ನೋಣ. ಬಾಡಿಗೆ 60 ಗಂಟೆ, 6,000. ಪೇಂಟ್ ಸಾಮಗ್ರಿ ಅದೇ 4,000. ಇಂಜಿನ್ ಇಲ್ಲದ್ದರಿಂದ 7,000, ಗೇರ್‌ಬಾಕ್ಸ್ 2,500, ಒಳಾಂಗಣ 3,500, ಬ್ರೇಕು 3,000, ಉಳಿದದ್ದು 2,500. ಒಟ್ಟು 41,500. ಕೊಳ್ಳುವಾಗ ಸಾವಿರ ಹೆಚ್ಚು ಕೊಟ್ಟ ಈ ಕಾರು ಕೊನೆಗೆ 23,000 ಕಡಿಮೆಗೆ ಮುಗಿಯಿತು, ಅದೂ ಇಂಜಿನ್ನೇ ಇಲ್ಲದೆ ಬಂದದ್ದು. ನಿಮ್ಮೂರಿನ ದರ ಬೇರೆ ಇರಬಹುದು. ನಿಮ್ಮ ಅಂಕಿಗಳನ್ನೇ ಹಾಕಿ ನೋಡಿ, ತುಕ್ಕಿನ ಗಂಟೆಗಳು ಉಳಿದೆಲ್ಲವನ್ನೂ ನುಂಗುವುದು ಬದಲಾಗುವುದಿಲ್ಲ.

ಓಡುವ ಕಾರು 35,000ಕ್ಕೇ ಇರುವಾಗ ರೋಲರ್ ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ಬ್ರೇಕ್ ಲೈನಿನಿಂದ ಹಿಡಿದು ವೈರಿಂಗ್‌ವರೆಗೆ ಪ್ರತಿಯೊಂದನ್ನೂ ನೀವೇ ಕೂರಿಸಿದ್ದೀರಿ, ಎಲ್ಲಿ ಏನಿದೆ ಅಂತ ಗೊತ್ತು. ಆ ತಿಳಿವಳಿಕೆಗೆ, ಆ ಸಂಜೆಗಳಿಗೆ ಆರೂವರೆ ಸಾವಿರ ಹೆಚ್ಚು ಕೊಡಲು ಸಿದ್ಧರಿದ್ದರೆ ಕೊಳ್ಳಿ. ನಾನಂತೂ ಕೊಡುತ್ತೇನೆ.

ನಮ್ಮವರು ಯೋಚಿಸಬೇಕಾದ ಇನ್ನೊಂದು ವಿಷಯವಿದೆ. ಇಲ್ಲಿ ಮಿಶಿಗನ್‌ನ ಟ್ರಾಯ್, ನೋವೈ ಕಡೆ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಎಷ್ಟೋ ಜನ ಎಚ್1ಬಿ ವೀಸಾದ ಮೇಲಿದ್ದಾರೆ. ಕೆಲಸ ಬದಲಾದರೆ ಊರು ಬಿಡಬೇಕು. ಓಡುವ ಕಾರನ್ನು ಟ್ರಕ್ಕಿಗೆ ಹತ್ತಿಸಿ ಕಳಿಸಬಹುದು, ಇಲ್ಲವೇ ಒಂದು ವಾರದಲ್ಲಿ ಮಾರಬಹುದು. ಬಿಚ್ಚಿಟ್ಟ ಕಾರು ಬಂದ ಬೆಲೆಗೆ ಹೋಗುತ್ತದೆ; ಮೂರನೆಯ ಬಗೆಯ ಡಬ್ಬದ ಕಾರುಗಳಲ್ಲಿ ಎಷ್ಟೋ ಹುಟ್ಟುವುದೇ ಹೀಗೆ. ಮನೆಯ ಹೌಸಿಂಗ್ ಸೊಸೈಟಿಯ ನಿಯಮವನ್ನೂ ಓದಿ, ಓಡದ ಕಾರನ್ನು ಡ್ರೈವ್‌ವೇಯಲ್ಲಿ ನಿಲ್ಲಿಸಲು ಬಹಳ ಕಡೆ ಬಿಡುವುದಿಲ್ಲ. ಗ್ರೀನ್ ಕಾರ್ಡ್, ಸ್ವಂತ ಗ್ಯಾರೇಜ್ ಎರಡೂ ಆಗುವವರೆಗೆ ಡ್ರೈವರ್ ಕಾರೇ ಸರಿ.

ಟೈಟಲ್

ಟೈಟಲ್ ಅಂದರೆ ಕಾರಿನ ಮಾಲೀಕತ್ವದ ಪತ್ರ. ಮಾರುವವರ ಹೆಸರು, ಟೈಟಲ್‌ನಲ್ಲಿರುವ ಹೆಸರು ಒಂದೇ ಇರಬೇಕು. ಟೈಟಲ್‌ನ ವಿನ್ ಮತ್ತು ಕಾರಿನ ಮೇಲಿನ ವಿನ್ ಅಂಕಿ ಅಂಕಿ ಹೊಂದಬೇಕು. 1968ರಿಂದೀಚಿನ ಕಾರುಗಳಲ್ಲಿ ಆ ಪಟ್ಟಿ ವಿಂಡ್‌ಶೀಲ್ಡ್ ಮೂಲಕವೇ ಕಾಣುತ್ತದೆ. ಅದರ ರಿವೆಟ್‌ಗಳನ್ನು ಯಾರಾದರೂ ಮುಟ್ಟಿದ ಹಾಗಿದೆಯೇ ನೋಡಿ. ಒಂದು ಕಾರಿನ ಪಟ್ಟಿ ಕಿತ್ತು ಇನ್ನೊಂದಕ್ಕೆ ಹಾಕುವುದು ಅಪರಾಧ, ಅಂಥ ಕಾರನ್ನು ಪೊಲೀಸರು ವಶಪಡಿಸಿಕೊಂಡರೆ ದುಡ್ಡೂ ಇಲ್ಲ ಕಾರೂ ಇಲ್ಲ. ‘ಟೈಟಲ್ ಕಳೆದಿದೆ, ಸುಲಭವಾಗಿ ಮಾಡಿಸಿಕೊಳ್ಳಬಹುದು’ ಅಂದರೆ ಅವರೇ ಮಾಡಿಸಿಕೊಡಲಿ, ಆಮೇಲೆ ವ್ಯಾಪಾರ. ಕೊಂಡ ಕಾರಿಗೆ ಒಪ್ಪಿತ ಮೌಲ್ಯದ, ಅಂದರೆ ಕಾರು ಪೂರ್ತಿ ಹಾಳಾದರೆ ಮೊದಲೇ ಒಪ್ಪಿದ ಮೊತ್ತ ಕೊಡುವ, ಇನ್ಶೂರೆನ್ಸ್ ಮಾಡಿಸಿ. ಹ್ಯಾಗರ್ಟಿಯಂಥ ಕಂಪನಿಗಳು ಹಳೇ ಕಾರಿಗೆ ಅದನ್ನೇ ಕೊಡುತ್ತವೆ.

ಕೊಳ್ಳುವ ಮನಸ್ಸಿದ್ದರೆ ಆಗಸ್ಟಿನ ಮೂರನೇ ಶನಿವಾರ ಮಿಶಿಗನ್‌ಗೆ ಬನ್ನಿ. ಹಳೇ ಕಾರುಗಳ ಮೆರವಣಿಗೆಯಾದ ವುಡ್‌ವರ್ಡ್ ಡ್ರೀಮ್ ಕ್ರೂಸ್ ದಿನ ಫರ್ನ್‌ಡೇಲ್‌ನಿಂದ ಪಾಂಟಿಯಾಕ್ ಊರಿನವರೆಗೆ ರಸ್ತೆಯುದ್ದಕ್ಕೂ ಈ ಕಾರುಗಳೇ. ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿ ಕೂತವರನ್ನು ಮಾತಾಡಿಸಿ, ಒಟ್ಟು ಎಷ್ಟಾಯಿತು, ಎಷ್ಟು ವರ್ಷ ಹಿಡಿಯಿತು ಅಂತ ಕೇಳಿ. ಅವರು ಮುಚ್ಚುಮರೆ ಮಾಡುವುದಿಲ್ಲ. ಅಲ್ಲೇ 1971 ಅಥವಾ 72ರ ಸಾದಾ ಮಾಲಿಬು ಎರಡು ಬಾಗಿಲಿನದ್ದು ಕಂಡರೆ ಹತ್ತಿರ ಹೋಗಿ ನೋಡಿ. ಎಸ್‌ಎಸ್‌ನದೇ ಬಾಡಿ, ಹಲವಕ್ಕೆ 350 ಇಂಜಿನ್, ಬ್ಯಾಡ್ಜ್ ಇಲ್ಲದ್ದರಿಂದ ಬೆಲೆ ಎಷ್ಟೋ ಕಡಿಮೆ, ನಕಲಿನ ತಂಟೆಯಿಲ್ಲ. ಮೊದಲ ಪ್ರಾಜೆಕ್ಟ್ ಯಾವುದು ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಅದನ್ನೇ, ಒಣ ಸೀಮೆಯಿಂದ ಬಂದದ್ದಾದರೆ.